ಹೆಸರಿನ ಹಿಂದಿರುವ ಹೆಸರು

ಮುದ್ರಿತ ಗ್ರಂಥವೊಂದರ ಒಳಪುಟದಲ್ಲೋ ಕಡೆಯ ಹಾಳೆಯ ಅಡಿಯಲ್ಲೋ ಮುದ್ರಕರ ಮತ್ತು ಪ್ರಕಾಶಕರ ಹೆಸರು, ಊರುಗಳು ಸಣ್ಣ ಅಕ್ಷರಗಳಲ್ಲಿ ಕಾಣಸಿಗುತ್ತವೆ. ಓದುಗರು ಸಾಮಾನ್ಯವಾಗಿ ಅತ್ತ ಕಣ್ಣು ಹಾಯಿಸುವುದಿಲ್ಲ. ಆದರೆ 1867ರ ಕಾಯಿದೆಯೊಂದು ಒಂದೂವರೆ ಶತಮಾನ ಕಾಲ ಆ ಸಾಲುಗಳನ್ನು ಕಡ್ಡಾಯಗೊಳಿಸಿತ್ತು. 2024ರಲ್ಲಿ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬಂದ ಮೇಲೂ ರೂಢಿ ಉಳಿದಿದೆ. ಗ್ರಂಥಕರ್ತನಾದರೋ ಕಾವ್ಯನಾಮದ ಮರೆಯಲ್ಲಿರಲು ಸ್ವತಂತ್ರ. ಮಾಸ್ತಿಯವರು ‘ಶ್ರೀನಿವಾಸ’ರಾದುದಕ್ಕೆ ಯಾವ ಕಾನೂನೂ ಅಡ್ಡಬರಲಿಲ್ಲ. ಬರೆದವನು ಮರೆಯಲ್ಲಿದ್ದರೂ ಉತ್ತರ ಹೇಳುವವನೊಬ್ಬ ಇರಬೇಕೆಂಬುದಷ್ಟೇ ಅಲ್ಲಿನ ಆಶಯ.

ಅಂತರ್ಜಾಲದಲ್ಲಿ ಈ ವಿವೇಕ ಬಹುಕಾಲ ಕಾಣಲಿಲ್ಲವೆಂದೇ ಹೇಳಬೇಕು. 1982ರ ವೇಳೆಗೆ ಅಮೆರಿಕದ ಸಂಶೋಧಕರು ತಮ್ಮ ಜಾಲದಲ್ಲಿರುವವರನ್ನು ಹುಡುಕಿಕೊಳ್ಳಲು ‘ಹೂ ಈಸ್’ ಎಂಬ ತೆರೆದ ಕೈಪಿಡಿಯೊಂದನ್ನು ರೂಪಿಸಿಕೊಂಡರು. ಪರಸ್ಪರ ಪರಿಚಯವಿದ್ದ ಕೆಲವರಿಗೆ ಅದು ಸಾಕಾಗಿತ್ತು. 1998ರಲ್ಲಿ ಐಕ್ಯಾನ್ ಸಂಸ್ಥೆ ಹುಟ್ಟಿ, ಡೊಮೇನ್ ಹೆಸರುಗಳು ಜಗತ್ತಿನ ಪೇಟೆಗೆ ಬಂದಾಗಲೂ ಅದೇ ಕಟ್ಟಳೆ ಮುಂದುವರಿಯಿತು: ಜಾಲತಾಣಕ್ಕೆ ಹೆಸರು ಪಡೆದವನ ವಿಳಾಸ, ದೂರವಾಣಿ, ಮಿಂಚಂಚೆ ಎಲ್ಲವೂ ಯಾರು ಬೇಕಾದರೂ ನೋಡಬಹುದಾದ ವಸ್ತುಗಳಾದವು. ಸತ್ಯವಂತನಿಗೆ ಅನಾಮಧೇಯ ಕರೆಗಳ ಕಾಟ. ಮೋಸಗಾರನಿಗೆ ಸುಳ್ಳು ವಿಳಾಸ ಬರೆಯುವಷ್ಟೇ ಶ್ರಮ. ಹಣ ತೆತ್ತವರ ಹೆಸರನ್ನು ಮರೆಮಾಚುವ ವ್ಯಾಪಾರವೂ ಬೆಳೆಯಿತು. ಗೋಪ್ಯತೆಯನ್ನು ಹಕ್ಕೆಂದು ಕೊಡದೆ ಸರಕಾಗಿ ಮಾರಿದುದು ಈ ಕಥೆಯ ಅತ್ಯಂತ ಅಸಹ್ಯವಾದ ಅಧ್ಯಾಯ.

2018ರ ಮೇ 25ರಂದು ಯೂರೋಪಿನ ದತ್ತಾಂಶ ಸಂರಕ್ಷಣಾ ನಿಯಮ ಜಾರಿಗೆ ಬಂದೊಡನೆ ತೆರೆ ಬಿದ್ದಿತು. ಹಳೆಯ ಪದ್ಧತಿಯಂತೆ ಎಲ್ಲ ವಿವರಗಳನ್ನೂ ಸಂಗ್ರಹಿಸುವಂತೆ ಮಾಡಲು ಐಕ್ಯಾನ್ ಜರ್ಮನಿಯ ಬಾನ್ ನಗರದ ನ್ಯಾಯಾಲಯಕ್ಕೆ ಹೋಯಿತಾದರೂ ಅಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಸಾಮಾನ್ಯನಿಗೆ ನೆಮ್ಮದಿಯಾಯಿತು, ನಿಜ. ಆದರೆ ಅದೇ ತೆರೆಯ ಹಿಂದೆ ವಂಚಕನೂ ನೆಲೆ ಕಂಡುಕೊಂಡನು.

ಈ ಸಂಗತಿ ಧರ್ಮಸಂಸ್ಥೆಗಳಿಗೆ ದೂರದ್ದೇನಲ್ಲ. 2023ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ತನ್ನ ಹೆಸರಿನ ನಕಲಿ ಜಾಲತಾಣದ ಮೇಲೆ ಪೊಲೀಸರಿಗೆ ದೂರು ಕೊಡಬೇಕಾಯಿತು. ಗುಪ್ತದಾನಕ್ಕೆ ಮಠಗಳಲ್ಲಿ ಎಂದಿಗೂ ಗೌರವವಿದೆ. ಆದರೆ ದಾಸೋಹಕ್ಕೆಂದು ಕೈ ಒಡ್ಡುವವನು ಮುಸುಕು ಹಾಕಿಕೊಂಡು ಬಂದರೆ ಯಾವ ಭಕ್ತನೂ ಕಾಳು ಹಾಕನು. ಈ ಭೇದವನ್ನು ಜಾಲಲೋಕವೂ ಒಪ್ಪಬೇಕು. ಅಭಿಪ್ರಾಯ ಹೇಳುವ ವ್ಯಕ್ತಿಯ, ಅದರಲ್ಲೂ ಬಲಿಷ್ಠರ ತಪ್ಪನ್ನು ಎತ್ತಿ ತೋರಿಸುವವನ ಮನೆಯ ವಿಳಾಸ ಲೋಕಕ್ಕೆ ಬೇಕಿಲ್ಲ. ಹಣ ಕೇಳುವ, ಸರಕು ಮಾರುವ ಸಂಸ್ಥೆಯ ಹೆಸರು ಮಾತ್ರ ಬಯಲಿನಲ್ಲಿರಲೇಬೇಕು. ಯೂರೋಪು 2022ರಲ್ಲಿ ಹೊರಡಿಸಿದ ನಿರ್ದೇಶವು ಈ ದಾರಿಗೆ ಹತ್ತಿರವಿದೆ: ವ್ಯಕ್ತಿಗತವಲ್ಲದ ವಿವರಗಳನ್ನು ಪ್ರಕಟಿಸಬೇಕು, ವಿವರಗಳ ಸತ್ಯಾಸತ್ಯತೆಯನ್ನು ಪರಿಶೀಲಿಸಬೇಕು, ನ್ಯಾಯಯುತ ಕೋರಿಕೆಗೆ 72 ಗಂಟೆಗಳೊಳಗೆ ಉತ್ತರಿಸಬೇಕು.

ಕೋರಿಕೆ ನ್ಯಾಯಯುತವೆಂದು ನಿರ್ಣಯಿಸುವವರಾರು ಎಂಬಲ್ಲಿ ತೊಡಕಿದೆ. ಅಧಿಕಾರಿಯೊಬ್ಬನ ಒಂದು ಪತ್ರಕ್ಕೇ ಕಡತ ಬಿಚ್ಚುವುದಾದರೆ ಗೋಪ್ಯತೆಗೆ ಅರ್ಥವುಳಿಯದು. ಕೇಳಿದವರಾರು, ಏತಕ್ಕೆ ಕೇಳಿದರು ಎಂಬುದೂ ದಾಖಲಾಗಬೇಕು. ತನಿಖೆಗೆ ಭಂಗ ಬಾರದಿದ್ದಲ್ಲಿ ಹೆಸರಿನ ಒಡೆಯನಿಗೂ ತಿಳಿಸಬೇಕು. ಭಾರತದ ‘ಡಾಟ್ ಇನ್’ ಹೆಸರುಗಳ ನೋಂದಣಿಯಲ್ಲಿ ಮರೆಮಾಚುವ ಸೇವೆಗಳಿಗೆ ಅವಕಾಶವಿಲ್ಲ. ನಿಷೇಧ ಸರಿ, ಅದರೊಡನೆ ಇಂಥ ರಕ್ಷಣೆಯೂ ಅಷ್ಟೇ ಗಟ್ಟಿಯಾಗಿರಬೇಕು.

ಇಷ್ಟೆಲ್ಲ ಚರ್ಚೆಯ ನಡುವೆ ಶಾಲೆ, ಸಂಘಗಳು ತಮ್ಮ ಮನೆಯ ಕಡತವನ್ನು ನೋಡಿಕೊಳ್ಳುವುದು ಒಳಿತು. ಜಾಲತಾಣ ಕಟ್ಟಿಕೊಟ್ಟ ಗುತ್ತಿಗೆದಾರನ ಹೆಸರಿನಲ್ಲೋ ಊರು ಬಿಟ್ಟುಹೋದ ಉತ್ಸಾಹಿ ತರುಣನ ಹೆಸರಿನಲ್ಲೋ ನೋಂದಣಿಯಾದ ಡೊಮೇನು, ನವೀಕರಣದ ದಿನ ತಪ್ಪಿದೊಡನೆ ಬೇರೆಯವರ ಪಾಲಾಗಬಹುದು. ನೋಂದಣಿ ಆಡಳಿತ ಮಂಡಳಿಯ ಹೆಸರಿನಲ್ಲಿರಲಿ, ನವೀಕರಣದ ದಿನಾಂಕ ಕಚೇರಿಯ ಪುಸ್ತಕದಲ್ಲಿರಲಿ.