ಸವೆಯಲಿ ಬಿಡಿ, ಕಂಚು

ಫ್ಲಾರೆನ್ಸ್‌ನ ಮೆರ್ಕಾಟೊ ನುವೋವೊ ಮಾರುಕಟ್ಟೆಯ ಬದಿಯಲ್ಲಿ ಕಂಚಿನ ಕಾಡುಹಂದಿಯೊಂದು ಕೂತಿದೆ. ಮೈಯೆಲ್ಲ ಕಂದುಗಪ್ಪು, ಮೂತಿ ಮಾತ್ರ ಹುಣಿಸೆಹಣ್ಣು ಹಾಕಿ ಈಗಷ್ಟೇ ಉಜ್ಜಿದ ಹಾಗೆ ಥಳಥಳ. ಬಂದವರೆಲ್ಲ ಅದನ್ನು ಸವರುತ್ತಾರೆ. ಬಾಯೊಳಗೆ ನಾಣ್ಯವಿಡುತ್ತಾರೆ, ಅದು ನೀರಿನೊಂದಿಗೆ ಜಾರಿ ಕೆಳಗಿನ ಜಾಲರಿಯೊಳಗೆ ಬಿದ್ದರೆ ಅದೃಷ್ಟವಂತೆ. ಇಷ್ಟೊಂದು ಕೈ ತಾಗಿ ಸವೆಯುವ ಕಲಾಕೃತಿಗೆ ಬೇಲಿ ಹಾಕಬೇಕೇ? ಬೇಡ ಎನ್ನುತ್ತೇನೆ ನಾನು.

ಬೇಕು ಎನ್ನುವವರ ತಕರಾರು ಹಗುರದ್ದೇನಲ್ಲ. ಈ ಹಂದಿಯನ್ನು 1634ರ ಸುಮಾರಿಗೆ ರೂಪಿಸಿದವನು ಮೆದಿಚಿ ದೊರೆಗಳ ಆಸ್ಥಾನಶಿಲ್ಪಿ ಪಿಯೆಟ್ರೊ ತಾಕ್ಕಾ. ಕತ್ತಿನ ಮೇಲಿನ ಬಿರುಗೂದಲನ್ನು ಎಳೆ ಎಳೆಯಾಗಿ ಬಿಡಿಸಿದ್ದಾನೆ. ಪೀಠದ ಗಿಡಗಂಟಿಯ ನಡುವೆ ಕಪ್ಪೆ, ಹಾವು, ಏಡಿ. ಅಂಥ ಕುಸುರಿ ಒಮ್ಮೆ ಅಳಿಸಿದರೆ ಮುಗಿಯಿತು. ಅದಕ್ಕೇ ತಾಕ್ಕಾನ ಹಂದಿ ಈಗ ಬಾರ್ದಿನಿ ಮ್ಯೂಸಿಯಂ ಸೇರಿದೆ. ಬೀದಿಯಲ್ಲಿರುವುದು 1998ರಲ್ಲಿ ಎರಕ ಹೊಯ್ದ ಪ್ರತಿ.

ಇದನ್ನು ಕೇಳಿದೊಡನೆ ಕೆಲವರ ಮುಖ ಸಪ್ಪಗಾಗುತ್ತದೆ. ನಾವು ಸವರಿದ್ದು ನಕಲೇ! ಹಾಗಾದರೆ ಅಸಲು ಯಾವುದು? ತಾಕ್ಕಾ ಕೆಲಸಕ್ಕೆ ಕೂತದ್ದೂ ಪುರಾತನ ಅಮೃತಶಿಲೆಯ ಹಂದಿಯೊಂದನ್ನು ಮಾದರಿಯಾಗಿಟ್ಟುಕೊಂಡೇ. ಆ ಹಂದಿ ಉಫಿಜಿ ಗ್ಯಾಲರಿಯಲ್ಲಿದೆ. ಅದೂ ಇನ್ನೂ ಹಳೆಯ ಗ್ರೀಕ್ ಶಿಲ್ಪದ ಪ್ರತಿಯೆಂದು ವಿದ್ವಾಂಸರ ಅಂಬೋಣ.

ಕಂಚಿನ ಜಾಯಮಾನವೇ ಹೀಗೆ. ಕಲ್ಲಿನ ಮೇಲೆ ಬಿದ್ದ ಉಳಿಯೇಟು ಮತ್ತೊಂದು ಕಲ್ಲಿಗೆ ಹೋಗುವುದಿಲ್ಲ. ಕಂಚಿನಲ್ಲಿ ಶಿಲ್ಪಿಯ ಬೆರಳು ಆಡುವುದು ಮಣ್ಣಿನ ಮೇಲೆ, ಮೇಣದ ಮೇಲೆ. ಮೇಣ ಕರಗಿ ಹರಿದುಹೋದ ತೆರಪಿಗೆ ಕಾದ ಲೋಹವನ್ನು ಹೊಯ್ಯುವವರು ಎರಕದವರು. ಅಚ್ಚು ಚೆನ್ನಾಗಿದ್ದರೆ ಎರಡನೆಯ ಎರಕ ಮೊದಲನೆಯದಕ್ಕೆ ಒಡಹುಟ್ಟೇ ಸರಿ. ಕಲ್ಲಿನ ಮಾತು ಬೇರೆ: ಫ್ಲಾರೆನ್ಸ್‌ನಲ್ಲೇ ಮೈಕೆಲೆಂಜೆಲೊನ ಅಮೃತಶಿಲೆಯ ಡೇವಿಡ್ 1873ರಲ್ಲಿ ಚೌಕ ಬಿಟ್ಟು ಸೂರಿನಡಿಗೆ ಹೋದ. 1910ರಿಂದ ಹೊರಗೆ ನಿಂತಿರುವುದು ಪ್ರತಿಮೆಯ ಪ್ರತಿ. ಅಲ್ಲಿ ಬೀದಿಗೆ ನಷ್ಟವಾಗಿದೆ ಎಂದು ಒಪ್ಪುತ್ತೇನೆ. ಹಂದಿಯ ವಿಷಯದಲ್ಲಿ ಒಪ್ಪಲಾರೆ.

ಏಕೆಂದರೆ ಇದು ನೋಡಿ ಹೋಗುವ ಶಿಲ್ಪವಷ್ಟೇ ಅಲ್ಲ, ಕಾರಂಜಿ. ಮಾರುಕಟ್ಟೆಯ ವ್ಯಾಪಾರಿಗಳಿಗೆ ನೀರು ಕೊಡಲೆಂದು ಅಲ್ಲಿಟ್ಟದ್ದು. ಈಗ ಸುತ್ತಲೂ ಚರ್ಮದ ಚೀಲ ಮಾರುವವರ ಗಲಾಟೆ, ಕೊಡ ಹಿಡಿದು ಬರುವವರಿಲ್ಲ; ಆದರೂ ನೀರು ಹರಿಯುತ್ತಿದೆ, ನಾಣ್ಯಗಳು ದಾನಕ್ಕೆ ಸಲ್ಲುತ್ತಿವೆ. ಮ್ಯೂಸಿಯಂ ತಾಕ್ಕಾನ ಕೈಚಳಕವನ್ನು ಕಾಯಬಲ್ಲದು, ಕಾರಂಜಿಯ ಕಸುಬನ್ನಲ್ಲ. ಸಿಡ್ನಿಯ ಮ್ಯಾಕ್ವಾರಿ ಬೀದಿಯಲ್ಲೂ ಇದೇ ಹಂದಿಯ ಪ್ರತಿ 1968ರಿಂದ ಕೂತಿದೆ, ಆಸ್ಪತ್ರೆಯ ಮುಂದೆ. ಅದರ ಕಾಸು ಆಸ್ಪತ್ರೆಗೆ. ಅದನ್ನು ಯಾರಾದರೂ ನಕಲೆಂದು ಮೂಗು ಮುರಿದರೆ ಆಸ್ಪತ್ರೆಯವರಿಗೇನಂತೆ!

ಸವರುವವರನ್ನು ಬಿಟ್ಟುಕೊಳ್ಳುವ ಊರು ಎರಕದ ಖರ್ಚನ್ನೂ ಹೊರಬೇಕು, ಅಷ್ಟೇ. 1998ರ ಮೂತಿಯೂ ಒಂದು ದಿನ ತೆಳ್ಳಗಾಗಿ ತೂತು ಬೀಳುತ್ತದೆ. ಆಗ ಬಜೆಟ್ಟಿನಲ್ಲಿ ಹಣವಿಲ್ಲ ಎಂದು ಕಂಬಿ ಸುತ್ತುವ ಆಡಳಿತಕ್ಕೆ ಕಾರಂಜಿ ಇಟ್ಟುಕೊಳ್ಳುವ ಯೋಗ್ಯತೆಯಿಲ್ಲ.