ಹುಡುಕುವ ಮೊದಲು ಜೋಡಿಸುವ ವಿದ್ಯೆ



ಮನೆಯ ಮಗನೋ ಮಗಳೋ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಶಾಸ್ತ್ರವನ್ನು ಆರಿಸಿಕೊಂಡರೆ, ಎರಡನೆಯ ವರ್ಷದ ಹೊತ್ತಿಗೆ ‘ಡೇಟಾ ಸ್ಟ್ರಕ್ಚರ್ಸ್’, ‘ಅಲ್ಗಾರಿದಮ್’ ಎಂಬ ಎರಡು ಹೆಸರುಗಳು ಮನೆಯಲ್ಲಿ ಕೇಳಿಬರತೊಡಗುತ್ತವೆ. ನೌಕರಿಯ ಸಂದರ್ಶನದಲ್ಲಿ ಕೇಳುವುದು ಇದನ್ನೇ ಎಂದು ಮಕ್ಕಳು ಹೇಳುತ್ತಾರೆ. ಸಾಲ ಮಾಡಿಯಾದರೂ ತರಬೇತಿಯ ಶುಲ್ಕ ಕಟ್ಟುವ ತಂದೆತಾಯಿಗಳಿದ್ದಾರೆ. ಹಣ ಕಟ್ಟುವವರಿಗೆ ಆ ವಿದ್ಯೆಯ ಸ್ವರೂಪವಾದರೂ ತಿಳಿದಿರಬೇಕೆಂಬುದು ನಮ್ಮ ಅಪೇಕ್ಷೆ.

ಹೆಸರು ಹೊಸದೆಂದು ಅಂಜಬೇಕಾಗಿಲ್ಲ. ಬಾಗ್ದಾದಿನಲ್ಲಿ 9ನೆಯ ಶತಮಾನದಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯು ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಕುರಿತು ಗ್ರಂಥ ಬರೆದನು. ಅದು ಲ್ಯಾಟಿನ್ ಭಾಷೆಗೆ ಹೋದಾಗ ಅವನ ಹೆಸರೇ ಮಾರ್ಪಟ್ಟು ಲೆಕ್ಕದ ವಿಧಾನಕ್ಕೆ ಹೆಸರಾಯಿತು. ಕೆಲಸವನ್ನು ತಪ್ಪಿಲ್ಲದೆ ಮುಗಿಸುವ ಹೆಜ್ಜೆಗಳ ಕ್ರಮವೇ ಅಲ್ಗಾರಿದಮ್. ಆ ಕೆಲಸಕ್ಕೆ ಅನುಕೂಲವಾಗುವಂತೆ ಸಾಮಗ್ರಿಯನ್ನು ಜೋಡಿಸಿಡುವ ರೀತಿಯೇ ಡೇಟಾ ಸ್ಟ್ರಕ್ಚರ್.

ಹತ್ತು ಲಕ್ಷ ಶಬ್ದಗಳನ್ನು ಅಡ್ಡಾದಿಡ್ಡಿಯಾಗಿ ಬರೆದಿಟ್ಟರೆ, ಬೇಕಾದ ಒಂದು ಶಬ್ದಕ್ಕಾಗಿ ಹತ್ತು ಲಕ್ಷವನ್ನೂ ನೋಡಬೇಕಾಗಿ ಬರಬಹುದು. ಅವನ್ನೇ ಅಕಾರಾದಿಯಾಗಿ ಜೋಡಿಸಿ, ನಡುವಿನ ಪುಟವನ್ನು ತೆರೆದು, ನಮ್ಮ ಶಬ್ದವು ಅದಕ್ಕಿಂತ ಹಿಂದೋ ಮುಂದೋ ಎಂದು ನೋಡಿ ಅರ್ಧವನ್ನು ಕೈಬಿಡುತ್ತ ಹೋದರೆ ಹೆಚ್ಚೆಂದರೆ 20 ಸಲ ನೋಡಿದರೆ ಸಾಕು. ಶಬ್ದಗಳು ನೂರು ಕೋಟಿಯಾದರೂ 30 ಸಲ ಮಾತ್ರ. ಯಂತ್ರ ಎಷ್ಟೇ ವೇಗದ್ದಾಗಿರಲಿ, ಮೊದಲನೆಯ ರೀತಿಯ ದಡ್ಡತನವನ್ನು ಅದು ಮುಚ್ಚಲಾರದು. ಹೀಗೆ ಹೆಜ್ಜೆಗಳನ್ನು ಎಣಿಸಿ ತೂಗುವುದನ್ನೇ ‘ವಿಶ್ಲೇಷಣೆ’ ಎನ್ನುತ್ತಾರೆ.

ಆದರೆ ಜೋಡಣೆಗೂ ಬೆಲೆಯುಂಟು. ಸಾಲಾಗಿ ಅಂಟಿಸಿಟ್ಟ ಪಟ್ಟಿಯ ನಡುವೆ ಹೊಸ ಶಬ್ದ ಸೇರಿಸಬೇಕಾದರೆ ಅದರ ಮುಂದಿನವೆಲ್ಲ ಒಂದೊಂದು ಸ್ಥಾನ ಸರಿಯಬೇಕು. ಸರಪಳಿಯಂತೆ ಕೊಂಡಿ ಹಾಕಿಟ್ಟರೆ ಸೇರಿಸುವುದು ಸುಲಭ, ಆದರೆ ನಡುವಿಗೆ ನೇರವಾಗಿ ಹಾರಲಾಗದು. ಈ ಇಕ್ಕಟ್ಟಿಗೆ ಪರಿಹಾರವಾಗಿ, ಸೇರಿಸುವಾಗಲೆಲ್ಲ ಎರಡು ಕಡೆಯ ಎತ್ತರವನ್ನು ಸರಿದೂಗಿಸಿಕೊಂಡು ಬೆಳೆಯುವ ‘ಮರ’ವೊಂದನ್ನು ಸೋವಿಯತ್ ದೇಶದ ಅಡೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ ಎಂಬವರು 1962ರಲ್ಲಿ ಪ್ರಕಟಿಸಿದರು. ನಮ್ಮ ಅಮರಕೋಶವನ್ನೇ ನೋಡಿ. ಅದು ಅಕಾರಾದಿಯಲ್ಲ, ಸ್ವರ್ಗ, ಕಾಲ, ಭೂಮಿ ಎಂದು ವರ್ಗವರ್ಗವಾಗಿ ಶ್ಲೋಕಗಳಲ್ಲಿದೆ. ಬಾಯಿಪಾಠ ಮಾಡುವವನಿಗೆ ಅದೇ ತಕ್ಕ ಜೋಡಣೆ. ಶಬ್ದವೊಂದನ್ನು ಥಟ್ಟನೆ ಹುಡುಕುವವನಿಗೆ ಬೇರೆ ಸೂಚಿ ಬೇಕೇ ಬೇಕು.

ಹೆಜ್ಜೆ ಉಳಿಸುವ ಜಾಣ್ಮೆ ನಮ್ಮ ಛಂದಶ್ಶಾಸ್ತ್ರಕ್ಕೂ ಹೊಸದಲ್ಲ. ಒಂದು ಅಕ್ಷರ ಲಘುವಾಗಬಹುದು ಇಲ್ಲವೇ ಗುರುವಾಗಬಹುದು. ಹಾಗಾದರೆ 24 ಅಕ್ಷರಗಳ ಜೋಡಣೆಗಳೆಷ್ಟು? ಎರಡನ್ನು ಎರಡರಿಂದ ಗುಣಿಸುತ್ತ ಇಪ್ಪತ್ತಮೂರು ಸಲ ಹೋಗಬಹುದು. ಪಿಂಗಳನ ಸೂತ್ರ ಹಾಗೆ ಹೇಳುವುದಿಲ್ಲ. ಸಂಖ್ಯೆ ಸಮವಾದರೆ ಅರ್ಧಿಸು, ಬೆಸವಾದರೆ ಒಂದು ಕಳೆ. ಸೊನ್ನೆ ಬಂದ ಮೇಲೆ ಒಂದರಿಂದ ಆರಂಭಿಸಿ ಹಿಂದಕ್ಕೆ ಬಾ, ಕಳೆದಲ್ಲಿ ಇಮ್ಮಡಿಸು, ಅರ್ಧಿಸಿದಲ್ಲಿ ವರ್ಗಿಸು. 24, 12, 6, 3, 2, 1, 0 ಎಂದು ಇಳಿದು, 1, 2, 4, 8, 64, 4096, 1,67,77,216 ಎಂದು ಏರಿದರೆ ಉತ್ತರ ದೊರೆಯಿತು. ಏರಿಕೆಯಲ್ಲಿ ಆರೇ ಹೆಜ್ಜೆ. ಅಮೆರಿಕದ ವಿದ್ವಾಂಸ ಡೊನಾಲ್ಡ್ ಕ್ನೂತ್ ತಮ್ಮ ಬೃಹದ್ಗ್ರಂಥದಲ್ಲಿ ಈ ವಿಧಾನದ ಪ್ರಾಚೀನತೆಯನ್ನು ಸ್ಮರಿಸಿದ್ದಾರೆ. ಇದರಿಂದ ನಮ್ಮವರೇ ಕಂಪ್ಯೂಟರ್ ಕಂಡುಹಿಡಿದರೆಂದು ಬೀಗುವುದು ಬೇಡ. ಹೆಜ್ಜೆ ಎಣಿಸುವ ಬುದ್ಧಿ ಇತ್ತು, ಅಷ್ಟೇ.

ಈಗ ಮುಖ್ಯ ಮಾತಿಗೆ ಬರೋಣ. ಅರ್ಧರ್ಧ ಮಾಡಿ ಹುಡುಕುವ ವಿಧಾನವು ಮೇಲೆ ಹೇಳಿದಂತೆ ನಾಲ್ಕು ಸಾಲಿನ ಮಾತು. ಅದು ಮೊದಲು ಪ್ರಕಟವಾದದ್ದು 1946ರಲ್ಲಿ. ಎಷ್ಟು ಉದ್ದದ ಪಟ್ಟಿಗಾದರೂ ಸರಿಯಾಗಿ ನಡೆಯುವಂತೆ ಬರೆದದ್ದು ಪ್ರಕಟವಾಗಲು 1960ರ ದಶಕ ಬರಬೇಕಾಯಿತು. ಬೆಲ್ ಲ್ಯಾಬ್ಸ್‌ನ ಜಾನ್ ಬೆಂಟ್ಲಿಯವರು ಇದನ್ನು ವೃತ್ತಿನಿರತರಿಗೆ ಅಭ್ಯಾಸವಾಗಿ ಕೊಟ್ಟಾಗ ಹೆಚ್ಚಿನವರು ತಪ್ಪು ಬರೆದರು. ಅಷ್ಟೇ ಅಲ್ಲ, ಜಾವಾ ಭಾಷೆಯೊಂದಿಗೆ ಲೋಕಕ್ಕೆಲ್ಲ ಹಂಚಿಕೆಯಾಗಿದ್ದ ಇದೇ ವಿಧಾನದಲ್ಲಿ ದೋಷವಿದೆಯೆಂದು 2006ರಲ್ಲಿ ಜೋಶುವಾ ಬ್ಲಾಕ್ ಎಂಬವರು ಪ್ರಕಟಿಸಿದರು. ಬರೆದವರೂ ಅವರೇ! ನಡುವಿನ ಸ್ಥಾನ ತಿಳಿಯಲು ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸಿದ್ದರು. ಆ ಭಾಷೆಯ ಸಾಧಾರಣ ಪೂರ್ಣಾಂಕದ ಮಿತಿ 2,14,74,83,647. ಪಟ್ಟಿ ಬಹಳ ದೊಡ್ಡದಾಗಿ ಮೊತ್ತವು ಅದನ್ನು ಮೀರಿದರೆ ಸಂಖ್ಯೆ ಋಣವಾಗಿ ಎಲ್ಲವೂ ಕೆಡುತ್ತಿತ್ತು. ಅಂತರವನ್ನು ಅರ್ಧಿಸಿ ಮೊದಲ ಸ್ಥಾನಕ್ಕೆ ಕೂಡಿಸಿದ್ದರೆ ತೊಂದರೆಯಿರಲಿಲ್ಲ. ಸುಮಾರು ಒಂಬತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಸಂದರ್ಶನದ ಪ್ರಶ್ನೋತ್ತರಗಳನ್ನು ಮಕ್ಕಳು ನೂರುಗಟ್ಟಲೆ ಉರುಹೊಡೆಯುವುದನ್ನು ಕಾಣುತ್ತಿದ್ದೇವೆ. ಕಂಠಪಾಠವನ್ನು ನಾವು ಹಳಿಯುವವರಲ್ಲ; ಮಠದಲ್ಲಿ ಓದಿದವರು ಹಳಿಯಲೂ ಬಾರದು. ಆದರೆ ಶ್ಲೋಕ ಬಾಯಿಗೆ ಬಂದ ಮೇಲೆ ಗುರುಗಳು ಅನ್ವಯ ಕೇಳುತ್ತಿದ್ದರು. ಅನ್ವಯ ತಪ್ಪಿದರೆ ಕಂಠಪಾಠಕ್ಕೆ ಮನ್ನಣೆಯಿರಲಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಉರುಹೊಡೆದ ಹುಡುಗ ಅಲ್ಲಿಯೇ ನಿಲ್ಲುತ್ತಾನೆ.

ಆದುದರಿಂದ ತಂದೆತಾಯಿಗಳು, ಈ ಶಾಸ್ತ್ರ ತಮಗೆ ಬಾರದಿದ್ದರೂ ಸರಿಯೇ, ಒಂದು ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಹದಿನಾರು ಚೀಟಿಗಳ ಮೇಲೆ ಹದಿನಾರು ಸಂಖ್ಯೆಗಳನ್ನು ಬರೆಸಿ, ಏರಿಕೆಯ ಕ್ರಮದಲ್ಲಿ ಮಗುಚಿಡಲಿ. ಒಂದನ್ನು ಹುಡುಕಿಸಿ, ಎಷ್ಟು ಚೀಟಿ ತೆರೆದೆ ಎಂದು ಕೇಳಲಿ, ಐದಕ್ಕಿಂತ ಹೆಚ್ಚಾಗಬಾರದು. ಆಮೇಲೆ ಕೇಳಲಿ: ಕೇಳಿದ ಸಂಖ್ಯೆ ಚೀಟಿಗಳಲ್ಲಿ ಇಲ್ಲವೇ ಇಲ್ಲದಿದ್ದರೆ ಎಲ್ಲಿ ನಿಲ್ಲುತ್ತೀ? ಒಂದೇ ಚೀಟಿ ಇದ್ದರೆ? ಒಂದೂ ಇಲ್ಲದಿದ್ದರೆ? ಒಂದೇ ಸಂಖ್ಯೆ ಎರಡು ಚೀಟಿಗಳಲ್ಲಿದ್ದರೆ ಯಾವುದನ್ನು ಎತ್ತುತ್ತೀ?