ಎತ್ತರವನ್ನಷ್ಟೇ ಕಲಿಸಿದರೆ ಸಾಕೇ?

ಧಾರವಾಡದ ಹೊರವಲಯದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ಸದ್ದು ರಾತ್ರಿಯ ಹೊತ್ತು ನಮ್ಮ ಮನೆಯ ಮಾಳಿಗೆಯವರೆಗೂ ಕೇಳಿಸುತ್ತದೆ. ಇದೇ ರಸ್ತೆ ಬೆಳಗಾವಿ, ಕೊಲ್ಹಾಪುರ, ಪುಣೆ, ಮುಂಬಯಿ, ಸೂರತ್‌ಗಳನ್ನು ಹಾದು ವಡೋದರಾ ಮುಟ್ಟಿ, ಅಲ್ಲಿಂದ ದಿಲ್ಲಿಯತ್ತ ಸಾಗುತ್ತದೆ. ಮೂವತ್ತಾರು ವರ್ಷ ಸಮಾಜ ವಿಜ್ಞಾನದ ಪಾಠ ಹೇಳುತ್ತ ನಕ್ಷೆಯ ಮೇಲೆ ಬೆರಳಾಡಿಸಿದ್ದೆನೇ ಹೊರತು ಆ ಹಾದಿಯಲ್ಲಿ ಪುಣೆಯಿಂದಾಚೆ ಹೋದವನಲ್ಲ. 2023ರ ಡಿಸೆಂಬರ್ ರಜೆಯಲ್ಲಿ ಮಗ ತನ್ನ ಕಾರಿನಲ್ಲಿ ಎಲ್ಲರನ್ನೂ ಹೊರಡಿಸಿದ. ನಾನು, ನನ್ನ ಮನೆಯವರು, ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು, ಎಂಟು ವರ್ಷದ ಮೊಮ್ಮಗ. ಜೊತೆಗೆ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಸಾವಿರ ಕಿಲೋಮೀಟರಿನ ದಾರಿಯಲ್ಲಿ ಎರಡು ಕಡೆ ತಂಗಿ ಮೂರನೆಯ ದಿನ ನರ್ಮದೆಯ ದಂಡೆ ಸೇರಿದೆವು.

ಸರ್ದಾರ್ ಪಟೇಲರ ಮೂರ್ತಿಯನ್ನು ಚಿತ್ರದಲ್ಲಿ ನೋಡದವರು ಇಂದು ಯಾರಿದ್ದಾರೆ? ಆದರೂ ಕಣ್ಣೆದುರು ಕಂಡಾಗ ಮಾತು ನಿಲ್ಲುತ್ತದೆ. ಎತ್ತರ 182 ಮೀಟರ್. ಪೀಠವೂ ಸೇರಿ ಅಮೆರಿಕದ ಸ್ವಾತಂತ್ರ್ಯ ದೇವಿಯ ಎತ್ತರ 93 ಮೀಟರ್ ಎಂದರೆ ಹೋಲಿಕೆ ತಿಳಿದೀತು. ಶಿಲ್ಪಿ ರಾಮ್ ಸುತಾರರು ರೂಪಿಸಿದ ಈ ಕಂಚಿನ ಹೊದಿಕೆಯ ಮೂರ್ತಿ 2018ರ ಅಕ್ಟೋಬರ್ 31ರಂದು, ಪಟೇಲರ ಜನ್ಮದಿನದಂದು, ಲೋಕಾರ್ಪಣೆಯಾಯಿತು. ಇದನ್ನು ದುಂದುವೆಚ್ಚವೆಂದು ಹಳಿಯುವವರ ವಾದವೂ ನನಗೆ ಗೊತ್ತು, ರಾಷ್ಟ್ರದ ಹೆಮ್ಮೆಯೆಂದು ಕೊಂಡಾಡುವವರ ವಾದವೂ ಗೊತ್ತು. ನನ್ನ ಮನಸ್ಸು ಅಂಟಿಕೊಂಡದ್ದು ಮಾತ್ರ ಆ ಪಾದಗಳಿಗೆ. ಮಡಿಕೆ ಬಿದ್ದ ಧೋತರದ ಕೆಳಗೆ ಸಾಮಾನ್ಯ ರೈತನ ಕಾಲಲ್ಲಿರುವಂಥ ಚಪ್ಪಲಿ. ಅವುಗಳ ಮುಂದೆ ನಾವು ಇರುವೆಗಳಂತೆ ಕಾಣುತ್ತಿದ್ದೆವು.

ಲಿಫ್ಟಿನಲ್ಲಿ ಏರಿ ಮೂರ್ತಿಯ ಎದೆಯ ಮಟ್ಟದ ಗ್ಯಾಲರಿಯಿಂದ ಸರ್ದಾರ್ ಸರೋವರ ಅಣೆಕಟ್ಟನ್ನೂ ಸುತ್ತಲಿನ ಬೆಟ್ಟಗಳನ್ನೂ ನೋಡಿ ಇಳಿದೆವು. ಮೊಮ್ಮಗನಂತೂ ಎತ್ತರದ ಅಂಕಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಎದುರಾದವರಿಗೆಲ್ಲ ಒಪ್ಪಿಸುತ್ತಿದ್ದ. ಮೊಮ್ಮಗಳು ನನ್ನ ಕೈ ಹಿಡಿದು ಕೇಳಿದಳು: "ಅಜ್ಜಾ, ಇಷ್ಟ್ ದೊಡ್ಡ ಮೂರ್ತಿ ಮಾಡ್ಯಾರಲ್ಲ, ಇವರು ನಮಗ ಏನ್ ಮಾಡ್ಯಾರ?"

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ನಮ್ಮ ತಂದೆಯವರ ಕಥೆ ಹೇಳಿದೆ. ನಾನು ಹುಟ್ಟಿದ್ದು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಭಾರತಕ್ಕೆ 1947ರಲ್ಲಿ ಬಂದ ಸ್ವಾತಂತ್ರ್ಯ, ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ರಜಾಕಾರರ ಹಾವಳಿಗೆ ಅಂಜಿ ತಂದೆಯವರು ರಾತ್ರಿಗಳನ್ನು ಜೋಳದ ಹೊಲದಲ್ಲಿ ಕಳೆದರಂತೆ; ಕೊನೆಗೆ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರಂತೆ. ಗೃಹಮಂತ್ರಿ ಪಟೇಲರ ದೃಢ ನಿಲುವಿನಿಂದಾಗಿ 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ತಂದೆಯವರು ಊರಿಗೆ ಮರಳಿದರು. ಸರ್ದಾರರ ಹೆಸರು ಬಂದಾಗಲೆಲ್ಲ ಅವರು ಕೈಮುಗಿಯುತ್ತಿದ್ದರು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಅಕ್ಷರ ಕಲಿಯದ ನಮ್ಮ ತಂದೆಯವರು ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಆನಂತರದ ದಿನಗಳಲ್ಲಿ, ಯಾವ ತಪ್ಪನ್ನೂ ಮಾಡದ ಎಷ್ಟೋ ಮುಸಲ್ಮಾನ ಮನೆತನಗಳು ಸೇಡಿಗೆ ಬಲಿಯಾದವೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತಿದ್ದರು. "ಸುಖಾ ಆದದ್ದೂ ಹೇಳಬೇಕು, ತಪ್ಪು ಆದದ್ದೂ ಹೇಳಬೇಕು" ಎಂಬುದು ಅವರ ಮಾತು. ಇದನ್ನೂ ಮೊಮ್ಮಗಳಿಗೆ ಹೇಳಿದೆ. ಸಂಜೆಯ ಹೊತ್ತಿಗೆ ಅಲ್ಲಿಂದ ತೊಂಬತ್ತು ಕಿಲೋಮೀಟರ್ ದೂರದ ವಡೋದರಾಕ್ಕೆ ಹೊರಟೆವು.

ಮರುದಿನ ಮುಂಜಾನೆ ಲಕ್ಷ್ಮೀ ವಿಲಾಸ ಅರಮನೆ. 1890ರಲ್ಲಿ ಪೂರ್ಣಗೊಂಡ ಆ ವೈಭವವನ್ನು ಎಲ್ಲರೂ ಕಣ್ತುಂಬ ನೋಡಿದೆವು. ಅದನ್ನು ಕಟ್ಟಿಸಿದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಬಗ್ಗೆ ನನಗೆ ಇರುವ ಗೌರವಕ್ಕೆ ಕಾರಣ ಅರಮನೆಯಲ್ಲ, ಶಾಲೆ. ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಅಮ್ರೇಲಿ ಭಾಗದಲ್ಲಿ ಪ್ರಯೋಗಕ್ಕೆಂದು ಕಡ್ಡಾಯ ಮಾಡಿ, 1906ರಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದ ದೊರೆ ಅವರು. ನಮ್ಮ ಸಂವಿಧಾನದಲ್ಲಿ ಶಿಕ್ಷಣವು ಮೂಲಭೂತ ಹಕ್ಕಾಗಿ ಸೇರಿದ್ದು 2002ರಲ್ಲಿ ಎಂಬುದನ್ನು ನೆನೆದರೆ ಆ ಕೆಲಸದ ತೂಕ ತಿಳಿಯುತ್ತದೆ.

ಮಧ್ಯಾಹ್ನ ಮಗನಿಗೂ ನನಗೂ ಸಣ್ಣದೊಂದು ಜಟಾಪಟಿ. ಹುಡುಗರು ದಣಿದಿದ್ದಾರೆ, ಮಾಲ್‌ನಲ್ಲಿ ತಿರುಗಾಡಿ ಊಟ ಮಾಡೋಣ ಎಂಬುದು ಅವನ ಮಾತು. ಸಯಾಜಿ ಬಾಗ್‌ಗೆ ಹೋಗಲೇಬೇಕು ಎಂಬುದು ನನ್ನ ಹಟ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರವೂ ಈಜಿಪ್ಟಿನ ಮಮ್ಮಿಯೂ ಇವೆಯೆಂದು ಹೇಳಿದ ಮೇಲೆ ಮೊಮ್ಮಗ ನನ್ನ ಪಕ್ಷಕ್ಕೆ ಬಂದ. ಅಲ್ಲಿಗೆ ಹೋಗಲು ನನ್ನ ನಿಜವಾದ ಕಾರಣ ಬೇರೆಯಿತ್ತು.

ಅಂಬೇಡ್ಕರರಿಗೆ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟದ್ದು ಇದೇ ಬರೋಡಾ ಸಂಸ್ಥಾನ. ಒಪ್ಪಂದದಂತೆ ಸಂಸ್ಥಾನದ ಸೇವೆಗೆಂದು ಅವರು 1917ರಲ್ಲಿ ಬರೋಡಾಕ್ಕೆ ಬಂದರು. ಅಷ್ಟು ಓದಿ ಬಂದ ಇಪ್ಪತ್ತಾರರ ತರುಣನಿಗೆ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಗುರುತು ಮರೆಸಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಕೆಲವು ದಿನ ಇದ್ದರು. ವಿಷಯ ಹೊರಬಿದ್ದಾಗ ಕೋಲು ಹಿಡಿದ ಗುಂಪೊಂದು ಬಂದು ಹೊರಹಾಕಿತು. ಪರಿಚಿತರ ಮನೆಗಳಲ್ಲಿಯೂ ಆಶ್ರಯ ದೊರೆಯಲಿಲ್ಲ. ಮುಂಬಯಿಯ ರಾತ್ರಿ ರೈಲಿಗೆ ಇನ್ನೂ ಐದು ಗಂಟೆ ಇತ್ತು. ಆ ಐದು ಗಂಟೆಗಳನ್ನು ಅವರು ಕಳೆದದ್ದು ಸಯಾಜಿ ಬಾಗ್‌ನಲ್ಲಿ. ಕಾಮಾಟಿ ಬಾಗ್ ಎಂಬುದು ಅದರ ಇನ್ನೊಂದು ಹೆಸರು. ಹದಿನೆಂಟು ವರ್ಷಗಳ ನಂತರ ಅದನ್ನು ಬರೆಯುವಾಗಲೂ, ನೆನೆದರೆ ಕಣ್ಣೀರು ಬರುತ್ತದೆಂದು ಅವರು ಹೇಳಿಕೊಂಡಿದ್ದಾರೆ. ಈ ಘಟನೆಯ ನೆನಪಿಗೆ ಆ ಊರಿನಲ್ಲಿ 'ಸಂಕಲ್ಪ ಭೂಮಿ' ಎಂಬ ಹೆಸರು ಉಳಿದಿದೆ.

ತೋಟದ ನೆರಳಿನಲ್ಲಿ ಮಕ್ಕಳಿಗೆ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅದು ಅಂಬೇಡ್ಕರರ ಕಥೆಯಿಂದ ಮಾತ್ರ ಆದದ್ದಲ್ಲ.

1981ರಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳನ್ನು ವಿಜಯಪುರಕ್ಕೆ ಶೈಕ್ಷಣಿಕ ಪ್ರವಾಸ ಕರೆದೊಯ್ದಿದ್ದೆ. ಗೋಲಗುಮ್ಮಟದ ಕೆಳಗೆ ನಿಲ್ಲಿಸಿ, ಗುಮ್ಮಟದ ಹೊರ ವ್ಯಾಸ 44 ಮೀಟರ್, ಪೂರ್ಣಗೊಂಡದ್ದು 1656 ಎಂದು ಬರೆಯಿಸಿದೆ. ಮರಳುವಾಗ ದಾರಿಯ ಒಂದು ಊರಿನಲ್ಲಿ ಪರಿಚಿತರೊಬ್ಬರು ಎಲ್ಲರಿಗೂ ಊಟಕ್ಕೆ ಕರೆದಿದ್ದರು. ಪಂಕ್ತಿ ಕೂಡ್ರುವ ಮುನ್ನ ಮನೆಯ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಹುಡುಗರ ಜಾತಿ ಕೇಳಿದರು. ನಾನು ಹೇಳಿದೆ. ಒಬ್ಬ ಹುಡುಗನ ಎಲೆ ಹೊರಗೆ, ದನದ ಕೊಟ್ಟಿಗೆಯ ಬದಿಗೆ ಬಿತ್ತು. ಅವನು ನನ್ನ ಮುಖ ನೋಡಿದ. ನಾನು ತಲೆತಗ್ಗಿಸಿ ಒಳಗೆ ಹೋಗಿ ಉಂಡೆ. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನದ 17ನೆಯ ವಿಧಿಯನ್ನು ಅದೇ ವರ್ಷ ಅದೇ ಮಕ್ಕಳಿಗೆ ಕಲಿಸಿದವನು ನಾನು. ಪ್ರವಾಸದ ಪ್ರಬಂಧದಲ್ಲಿ ಆ ಹುಡುಗ ಗುಮ್ಮಟದ ವ್ಯಾಸವನ್ನು ಸರಿಯಾಗಿ ಬರೆದಿದ್ದ. ನಾನು ಪೂರ್ಣ ಅಂಕ ಕೊಟ್ಟೆ.

ಇದನ್ನು ಅಂದು ಮೊದಲ ಬಾರಿಗೆ ಮನೆಯವರ ಮುಂದೆ ಹೇಳಿದೆ. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮ್ಯಾಲೆ ನೀವು ಅವನಿಗೆ ತಪ್ಪಾತು ಅಂದ್ರೇನಜ್ಜಾ?" ಎಂದಳು. ಇಲ್ಲ ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಇನ್ನೇನೂ ಕೇಳಲೂ ಇಲ್ಲ.

ರಾತ್ರಿ ಮಗ ಬೇಸರದಿಂದ ಹೇಳಿದ: "ಅಪ್ಪಾ, ರಜಾಕ್ಕ ಬಂದ ಹುಡುಗರು. ಇದನ್ನೆಲ್ಲ ಈಗ ಯಾಕ ಹೇಳಬೇಕಿತ್ತು?" ಅವನ ಮಾತನ್ನು ನಾನು ತಳ್ಳಿಹಾಕಲಾರೆ. ಪ್ರವಾಸವೆಂಬುದು ಸಂತೋಷಕ್ಕಾಗಿ ಇರತಕ್ಕದ್ದು. ಎಳೆಯ ಹೆಗಲ ಮೇಲೆ ಹಿರಿಯರ ಪಾಪವನ್ನು ಹೇರುವುದು ನ್ಯಾಯವಲ್ಲ. ಆದರೆ ನನ್ನ ಅನುಭವ ಬೇರೊಂದನ್ನು ಹೇಳುತ್ತದೆ. ಎತ್ತರ, ಅಗಲ, ಇಸವಿಗಳನ್ನಷ್ಟೇ ಕಲಿತ ಮಗು ಇತಿಹಾಸವೆಂದರೆ ದೊಡ್ಡವರು ಮಾಡಿ ಮುಗಿಸಿದ ಸಂಗತಿ ಎಂದುಕೊಳ್ಳುತ್ತದೆ. ನಾಳೆ ಯಾವುದೋ ಪಂಕ್ತಿಯಲ್ಲಿ ಯಾರದೋ ಎಲೆ ಹೊರಗೆ ಬಿದ್ದಾಗ, ಇತಿಹಾಸ ತನ್ನೆದುರಿಗೇ ನಡೆಯುತ್ತಿದೆಯೆಂಬ ಅರಿವು ಅದಕ್ಕೆ ಆಗುವುದಿಲ್ಲ. ನನಗೆ ಆಗಲಿಲ್ಲವಲ್ಲ!

ದೊಡ್ಡ ಮೂರ್ತಿಗಳು ನಮ್ಮ ನಾಡಿಗೆ ಹೊಸತೇನಲ್ಲ. ಚಾವುಂಡರಾಯನು ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನನ್ನು ಏಕಶಿಲೆಯಲ್ಲಿ ನಿಲ್ಲಿಸಿ ಸಾವಿರ ವರ್ಷ ದಾಟಿತು. ಅವನು ಕೊಡಗಟ್ಟಲೆ ಸುರಿದ ಹಾಲು ಮೂರ್ತಿಯ ಪಾದ ಮುಟ್ಟಲಿಲ್ಲವೆಂದೂ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಗುಟುಕು ಹಾಲು ಮೂರ್ತಿಯನ್ನೆಲ್ಲ ತೋಯಿಸಿತೆಂದೂ ಐತಿಹ್ಯವಿದೆ. ನಮ್ಮ ಹಿರಿಯರು ಕಥೆ ಹೇಳಿ ಸುಮ್ಮನಾಗಲಿಲ್ಲ. ಗುಳ್ಳಕಾಯಜ್ಜಿಯ ಪುಟ್ಟ ಮೂರ್ತಿಯನ್ನು ಗೊಮ್ಮಟನ ಎದುರಿಗೇ ನಿಲ್ಲಿಸಿದರು. ಕಟ್ಟಿಸಿದವನ ಅಹಂಕಾರವನ್ನು ನೆನಪಿಸುವ ಕಲ್ಲನ್ನು ಅವನ ಕೀರ್ತಿಯ ಬಾಗಿಲಲ್ಲೇ ಇಟ್ಟ ಆ ವಿವೇಕ ನಮಗೆ ಇಂದಿಗೂ ಬೇಕು.

ಆದ್ದರಿಂದ ಈ ಪುಟಗಳನ್ನು ಓದುವ ಶಿಕ್ಷಕ ಮಿತ್ರರಲ್ಲಿ, ಅಜ್ಜ-ಅಜ್ಜಿಯರಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ದೊಡ್ಡ ಸ್ಮಾರಕಗಳಿಗೆ ಅವಶ್ಯ ಕರೆದೊಯ್ಯಿರಿ. ಕತ್ತೆತ್ತಿ ನೋಡುವ ಸುಖವೂ ಅವರಿಗೆ ಬೇಕು. ಆದರೆ ಅದೇ ಪ್ರವಾಸದಲ್ಲಿ, ನಾವು ತಲೆತಗ್ಗಿಸಿ ನಿಲ್ಲಬೇಕಾದ ಒಂದು ಜಾಗಕ್ಕೂ ಕರೆದೊಯ್ಯಿರಿ. ಅದಕ್ಕೆ ಟಿಕೀಟು ಬೇಕಾಗುವುದಿಲ್ಲ. ಹಿಂದಿನ ರಾತ್ರಿ ನಾಲ್ಕು ಪುಟ ಓದಿಕೊಳ್ಳುವ ಸಿದ್ಧತೆ ಬೇಕು, ಅಷ್ಟೆ. ನಿಮ್ಮ ತಪ್ಪೇನಾದರೂ ಆ ಜಾಗದಲ್ಲಿ ನೆನಪಾದರೆ ಮುಚ್ಚಿಡಬೇಡಿ.

ಊರಿಗೆ ಮರಳಿದ ಮೇಲೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಆ ಹುಡುಗನ ವಿಳಾಸ ಹುಡುಕಿಸಿದೆ. ಅವನಿಗೂ ಈಗ ಅರುವತ್ತು ಸಮೀಪಿಸಿರಬೇಕು. ಇನ್ನೂ ಸಿಕ್ಕಿಲ್ಲ. ಮೊಮ್ಮಗಳು ತಿಂಗಳಿಗೊಮ್ಮೆಯಾದರೂ ಕೇಳುತ್ತಾಳೆ, "ಸಿಕ್ಕರೇನಜ್ಜಾ?" ಎಂದು. ಅವಳು ಕೇಳುವುದನ್ನು ನಿಲ್ಲಿಸದಿರಲಿ ಎಂಬುದೇ ನನ್ನ ಆಸೆ.